ಬಕೆಟ್ ಅಪ್ಪ

ಅಮೆರಿಕದಲ್ಲಿ ಹುಡುಗಿಯರ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ ನಡೆಯುವ ಮೈದಾನಗಳಲ್ಲಿ ಬೇಲಿಗೆ ಮೂಗು ತಾಗಿಸಿ ನಿಂತ ಒಬ್ಬ ಅಪ್ಪ ಇದ್ದೇ ಇರುತ್ತಾನೆ. ಮಗಳು ಪಿಚರ್. ವಾರವಿಡೀ ಸಂಜೆ ಹಿತ್ತಲಿನಲ್ಲಿ ಚೆಂಡು ತುಂಬುವ ಪ್ಲಾಸ್ಟಿಕ್ ಬಕೆಟ್ಟಿನ ಮೆತ್ತನೆ ಮುಚ್ಚಳದ ಮೇಲೆ ಕೂತು ಅವಳ ಎಸೆತಗಳನ್ನು ಹಿಡಿಯುವುದು ಇವನ ವ್ರತ. ಹಾಗಾಗಿ ಅಲ್ಲಿ ಈ ಕುಲಕ್ಕೆ ‘ಬಕೆಟ್ ಡ್ಯಾಡ್’ ಎಂದೇ ಹೆಸರು. ನಮ್ಮ ಕಡೆ ಬಕೆಟ್ ಹಿಡಿಯುವವರಂತೆ ಈತ ಯಾರನ್ನೂ ಓಲೈಸುವವನಲ್ಲ. ಅಂಪೈರರನ್ನಂತೂ ಮೊದಲೇ ಅಲ್ಲ. ಅವರ ಅಂಗಿಯ ಬಣ್ಣ ಹಿಡಿದು ‘ಬ್ಲೂ’ ಎಂದು ಕರೆಯುವ ಹಳೆಯ ರೂಢಿಯಿದೆ. “ಬ್ಲೂ, ಅದರಲ್ಲಿ ಏನು ತಪ್ಪಿತ್ತು?” ಎಂಬುದು ಈತನ ಶನಿವಾರದ ಸುಪ್ರಭಾತ. ಆ ‘ಅದು’ ಹತ್ತಕ್ಕೆ ಒಂಬತ್ತು ಸಲ ಇನ್‌ಸೈಡ್ ಎಸೆತ, ಎಂದರೆ ಬ್ಯಾಟರಿನ ಮೈ ಕಡೆಯ ಅಂಚಿಗೆ ಬಂದ ಚೆಂಡು. ಇವನ ದೂರಿನಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕುವವರು ಅವಸರ ಮಾಡುತ್ತಾರೆ. ಹುರುಳಿದೆ. ಆದರೆ ಅದನ್ನು ಹೇಳಲು ಇಡೀ ಮೈದಾನದಲ್ಲಿ ಎಲ್ಲರಿಗಿಂತ ಕಡಿಮೆ ಅರ್ಹತೆ ಇರುವವನು ಇವನೇ.

ಮೊದಲು ಲೆಕ್ಕ ನೋಡೋಣ, ಏಕೆಂದರೆ ಲೆಕ್ಕ ಇವನ ಪಕ್ಷದಲ್ಲಿದೆ. ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಹುದುಗಿಸಿದ ಹೋಮ್ ಪ್ಲೇಟಿನ ಅಗಲ 17 ಅಂಗುಲ. ಚೆಂಡಿನ ಸುತ್ತಳತೆ 12 ಅಂಗುಲ, ಅಂದರೆ ಅಡ್ಡಳತೆ ಸುಮಾರು 3.8. ಚೆಂಡಿನ ಒಂದು ಚೂರು ಪ್ಲೇಟಿನ ಅಂಚಿನ ಮೇಲೆ ಹಾದರೂ, ಎತ್ತರ ಸರಿಯಿದ್ದರೆ ಅದು ಸ್ಟ್ರೈಕ್, ಪಿಚರಿಗೆ ಲಾಭ; ಬ್ಯಾಟರ್ ಬೀಸದೆ ಬಿಟ್ಟ ಚೆಂಡು ಆ ಜಾಗ ತಪ್ಪಿದ್ದರೆ ‘ಬಾಲ್’, ಬ್ಯಾಟರಿಗೆ ಲಾಭ. ಎರಡೂ ಬದಿಗೆ ಒಂದೊಂದು ಚೆಂಡು ಸೇರಿಸಿದರೆ ಪಿಚರಿಗೆ ಸಿಗುವುದು 17 ಅಂಗುಲವಲ್ಲ, ಎರಡು ಅಡಿಗೂ ತುಸು ಹೆಚ್ಚು. ಬ್ಯಾಟರ್ ನಿಲ್ಲುವ ಪೆಟ್ಟಿಗೆಯ ಗೆರೆ ಪ್ಲೇಟಿನಿಂದ ಬರೀ 6 ಅಂಗುಲ ದೂರ. ಎಂದರೆ ನ್ಯಾಯವಾದ ಇನ್‌ಸೈಡ್ ಸ್ಟ್ರೈಕ್ ಒಂದು ಆ ಸಂದಿಯ ಅರ್ಧಕ್ಕಿಂತ ಹೆಚ್ಚನ್ನು ನುಂಗಿ, ಬ್ಯಾಟರಿನ ಮೊಣಕೈ ಕೆಳಗೇ ತೂರಿಹೋಗಬಹುದು. ಸ್ಟ್ರೈಕ್ ಜಾಗದಲ್ಲಿ ಬಂದ ಚೆಂಡು ಅವಳ ಮೊಣಕೈಗೇ ಬಡಿದರೂ ಅದು ಸ್ಟ್ರೈಕೇ. ಪುಕ್ಕಟೆ ಬೇಸ್ ಸಿಗುವುದಿಲ್ಲ. ಗಂಟೆಗೆ 60 ಮೈಲಿ ವೇಗದ ಎಸೆತ ಪಿಚರಿನಿಂದ ಪ್ಲೇಟಿನವರೆಗಿನ 43 ಅಡಿ ದಾಟಲು ಅರ್ಧ ಸೆಕೆಂಡೂ ಬೇಡ. ಅಷ್ಟರೊಳಗೆ ಬ್ಯಾಟನ್ನು ಮೈಗೆ ಹತ್ತಿರವಾಗಿ ಮುಂದೆ ತರಲಾರದವಳು ಚೆಂಡನ್ನು ಹಿಡಿಕೆಯ ಹತ್ತಿರ ಮುಟ್ಟಿಸಿಕೊಂಡು ಕೈ ಜುಮ್ಮೆನ್ನಿಸಿಕೊಳ್ಳುತ್ತಾಳೆ. ಇಷ್ಟು ಬೆಲೆಬಾಳುವ ಅಂಚನ್ನು ಅಂಪೈರ್ ಕೊಡದಿದ್ದರೆ ಅಪ್ಪನಾದವನು ಅರಚದೆ ಏನು ಮಾಡಿಯಾನು?

ಅಂಪೈರ್ ಏಕೆ ಕೊಡುವುದಿಲ್ಲ ಎಂದು ಕೇಳಿದರೆ ಮಾತ್ರ ಬಕೆಟ್ ಅಪ್ಪನ ತರ್ಕ ಹಳಿ ತಪ್ಪುತ್ತದೆ. ಅವನ ಉತ್ತರ ಎರಡೇ: ಒಂದು ಕುರುಡು, ಇನ್ನೊಂದು ದ್ವೇಷ. ಕುರುಡು ಎನ್ನಲು ಇದಕ್ಕಿಂತ ಕೆಟ್ಟ ಅಂಚು ಸಿಗಲಾರದು. ಕ್ರಿಕೆಟ್ ಅಂಪೈರ್ ನಿಲ್ಲುವುದು ವಿಕೆಟ್ಟುಗಳ ನೇರಕ್ಕೆ. ಇಲ್ಲಿ ಅಂಪೈರ್ ಕ್ಯಾಚರಿಗೂ ಬ್ಯಾಟರಿಗೂ ನಡುವಿನ ಸಂದಿಯಲ್ಲಿ ತಲೆಯಿಟ್ಟು ಬಾಗುತ್ತಾರೆ. ಒಳ ಅಂಚು ಅವರ ಮೂಗಿನ ಕೆಳಗೇ ಇರುತ್ತದೆ. ಅಂದಾಜಿನಲ್ಲಿ ಹೇಳಬೇಕಾದದ್ದು ಆಚೆಯ ಅಂಚು. ಕ್ಯಾಮೆರಾಗಳು ಬಂದಮೇಲೆ ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗುಗಳಲ್ಲಿ ಅಳೆದಾಗ ಕಂಡದ್ದು ವಿಚಿತ್ರ: ಎಡಗೈ ಬ್ಯಾಟರುಗಳಿಗೆ ಅಂಪೈರುಗಳ ಸ್ಟ್ರೈಕ್ ಜಾಗ ಒಟ್ಟಾರೆ ಒಂದೆರಡು ಅಂಗುಲ ಹೊರಗಡೆಗೆ ಸರಿದಿತ್ತು. ಚೆನ್ನಾಗಿ ಕಾಣುವ ಕಡೆ ಬಿಗಿ, ಮಸುಕಾದ ಕಡೆ ಉದಾರಿ. ದ್ವೇಷದ ಮಾತಿಗೂ ಅದೇ ಗತಿ. ಮೂರು ಬಾಲ್ ಆಗಿ ಸ್ಟ್ರೈಕ್ ಒಂದೂ ಇಲ್ಲದಾಗ ಅದೇ ಅಂಪೈರುಗಳ ಸ್ಟ್ರೈಕ್ ಜಾಗ ಹಿಗ್ಗುತ್ತಿತ್ತು, ಎರಡು ಸ್ಟ್ರೈಕ್ ಆದಾಗ ಕುಗ್ಗುತ್ತಿತ್ತು. ಎಂದರೆ ಇನ್ನೊಂದು ಬಾಲಿನಿಂದ ಪುಕ್ಕಟೆ ಬೇಸನ್ನೋ ಇನ್ನೊಂದು ಸ್ಟ್ರೈಕಿನಿಂದ ಔಟನ್ನೋ ಕೊಟ್ಟು ಯಾರ ಪಾಲಿನ ಆಟವನ್ನೂ ತಾವಾಗಿ ಮುಗಿಸಲು ಮನಸ್ಸು ಬಾರದ, ನಮ್ಮಂಥದೇ ದಾಕ್ಷಿಣ್ಯದ ಪ್ರಾಣಿಗಳು ಅವರು. ಮಗಳ ಎರಡು ಸ್ಟ್ರೈಕಿನ ನಂತರದ ಒಳ ಅಂಚಿನ ಎಸೆತ ‘ಬಾಲ್’ ಆದಾಗ ಅಪ್ಪನಿಗೆ ಕಾಣುವುದು ಸಂಚು. ಅಲ್ಲಿರುವುದು ಬರೀ ಸಂಕೋಚ. ಅದಕ್ಕೆ ಬ್ಯಾಟರ್ ಸಹಾಯವೂ ಸೇರುತ್ತದೆ. ಚೆಂಡು ಒಳಬರುತ್ತಿದ್ದಂತೆ ಹಾವು ತುಳಿದವಳಂತೆ ಹಿಂದಕ್ಕೆ ನೆಗೆದರೆ ಒಳ್ಳೆಯ ಸ್ಟ್ರೈಕೂ ಅಪರಾಧದಂತೆ ಕಾಣುತ್ತದೆ.

ಇನ್ನು ಅಪ್ಪನ ಅನುಭವದ ಮಾತು. ಸಾವಿರಾರು ಎಸೆತ ಹಿಡಿದವನಿಗೆ ಗೊತ್ತಿಲ್ಲದ್ದು ಅಂಪೈರಿಗೆ ಏನು ಗೊತ್ತು ಎಂದು ಅವನ ಪರ ವಾದಿಸಬಹುದು. ಅವನು ವಾದಿಸಿಯೂ ವಾದಿಸುತ್ತಾನೆ. ಆದರೆ ಹಿತ್ತಲಿನಲ್ಲಿ ಬ್ಯಾಟರ್ ಇರುವುದಿಲ್ಲ. ನೆಗೆಯುವವರಿಲ್ಲದ, ಮೊಣಕೈ ಚಾಚುವವರಿಲ್ಲದ ಕಡೆ ಇನ್‌ಸೈಡ್ ಎಂಬುದೇ ಇಲ್ಲ, ಇರುವುದು ಪ್ಲೇಟಿನ ಎರಡು ಬದಿ ಮಾತ್ರ. ಜೊತೆಗೆ ಬಕೆಟ್ಟಿನ ಮೇಲೆ ಕೂತವನು ಸ್ಟ್ರೈಕನ್ನು ಅಳೆಯುವುದು ತನ್ನ ಗ್ಲೌಸಿನಿಂದ. ನಿಯಮ ಅಳೆಯುವುದು ಅದಕ್ಕೂ ಒಂದೆರಡು ಗಜ ಮುಂದೆ, ಪ್ಲೇಟಿನ ಮೇಲೆ. ಬಲಗೈ ಹುಡುಗಿಯ ಸ್ಕ್ರೂಬಾಲ್ ಬಲಗೈ ಬ್ಯಾಟರ್ ಕಡೆಗೆ ತಿರುಗುತ್ತ ಅಂಚನ್ನು ಸವರಿ ಆಮೇಲೆ ಇನ್ನೂ ಒಳಗೆ ಹೋಗುತ್ತದೆ: ಅದು ಸ್ಟ್ರೈಕ್, ಗ್ಲೌಸು ಮಾತ್ರ ಬಾಲ್ ಎನ್ನುತ್ತದೆ. ಕರ್ವ್ ಇದಕ್ಕೆ ತದ್ವಿರುದ್ಧ. ಪ್ಲೇಟಿನ ಪಕ್ಕದಲ್ಲೇ ಹಾದು ಬಂದರೂ ಗ್ಲೌಸಿನಲ್ಲಿ ನಡುಮಧ್ಯೆ ಕೂತು ಅಪ್ಪನನ್ನು ಮೆಚ್ಚಿಸುತ್ತದೆ. ಪಂದ್ಯದ ದಿನವಾದರೋ ಆ ಜಾಗವೂ ಇಲ್ಲ. ಬೇಲಿಯ ಪಕ್ಕದಿಂದ ನೋಡಿದರೆ ಎತ್ತರವನ್ನು ಹೇಗೋ ಹೇಳಬಹುದು, ಅಡ್ಡಕ್ಕೆ ಚೆಂಡು ಎಲ್ಲಿ ಹಾದಿತೆಂಬುದು ದೇವರಿಗೇ ಗೊತ್ತು. ಈತನ ಪ್ಲೇಟಿನ ಅಳತೆಯೂ ಇನಿಂಗ್ಸಿಗೊಂದು: ಮಗಳು ಎಸೆಯುವಾಗ ಊಟದ ಮೇಜಿನಷ್ಟು, ಅದೇ ಮಗಳು ಬ್ಯಾಟು ಹಿಡಿದಾಗ ಚಹಾ ತಟ್ಟೆಯಷ್ಟು.

ಕೂಗಿದರೆ ಫಲವಿಲ್ಲವೇ ಎಂಬ ಆಕ್ಷೇಪ ಬಾಕಿಯಿದೆ, ಅದು ಸುಲಭದ್ದೂ ಅಲ್ಲ. ಟೋಬಿಯಸ್ ಮಾಸ್ಕೊವಿಟ್ಜ್ ಮತ್ತು ಜಾನ್ ವರ್ಥೀಮ್ 2011ರ ‘ಸ್ಕೋರ್‌ಕಾಸ್ಟಿಂಗ್’ ಪುಸ್ತಕದಲ್ಲಿ, ಬೇಸ್‌ಬಾಲಿನ ನಿರ್ಣಾಯಕ ಗಳಿಗೆಗಳಲ್ಲಿ ಅಂಪೈರುಗಳ ತೀರ್ಪು ಊರ ತಂಡದತ್ತ ವಾಲುತ್ತದೆ, ಅದಕ್ಕೆ ಜನರ ಒತ್ತಡವೇ ಕಾರಣ ಎಂದು ವಾದಿಸಿದರು. ಬಕೆಟ್ ಅಪ್ಪನಿಗೆ ಇದು ವೇದವಾಕ್ಯವಾಗಬೇಕಿತ್ತು. ತೊಡಕೆಂದರೆ ವಾರಾಂತ್ಯದ ಟೂರ್ನಿಗಳಲ್ಲಿ ಎದುರು ಬೇಲಿಗೂ ಒಬ್ಬ ಅಂಟಿಕೊಂಡಿರುತ್ತಾನೆ, ಅವನಿಗೂ ಮಗಳಿದ್ದಾಳೆ, ಅವನ ಗಂಟಲೂ ಗಟ್ಟಿ. ಎರಡು ಕೂಗು ಒಂದನ್ನೊಂದು ತಿಂದುಹಾಕಿ ಉಳಿಯುವುದು ಬರೀ ಗದ್ದಲ, ಬಿಟ್ಟುಹೋಗುವವರು ಅಂಪೈರುಗಳು. ನ್ಯೂಜೆರ್ಸಿಯ ಡೆಪ್ಟ್‌ಫರ್ಡ್ ಎಂಬ ಊರಿನ ಲಿಟಲ್ ಲೀಗ್ ಬೇಸ್‌ಬಾಲಿನವರು ಇದಕ್ಕೆ 2023ರಲ್ಲಿ ಒಂದು ಮದ್ದು ಅರೆದರು: ಅಂಪೈರರನ್ನು ಬೈದ ಪೋಷಕರು ತಾವೇ ಮೂರು ಆಟಗಳಿಗೆ ಅಂಪೈರ್ ಆಗಿ ನಿಲ್ಲಬೇಕು, ಇಲ್ಲದಿದ್ದರೆ ಒಂದು ವರ್ಷ ಮೈದಾನಕ್ಕೆ ಬರಕೂಡದು. ಸಾಮಾನ್ಯ ಬೈಗುಳಪ್ರಿಯರಿಗೆ ಇದು ಶಿಕ್ಷೆಯೇ ಸರಿ. ಬಕೆಟ್ ಅಪ್ಪನ ವಿಷಯದಲ್ಲಿ ಮಾತ್ರ ಈ ಮದ್ದು ತಿರುಗಿಬಿದ್ದೀತು. ಮೂರೇ ಆಟವೇ ಎಂದು ಅವನು ಆ ತೀರ್ಪಿನ ಮೇಲೂ ತಕರಾರು ತೆಗೆಯುತ್ತಾನೆ.