ಒಂಬತ್ತಕ್ಕೋ, ಒಂಬತ್ತರ ಹೊತ್ತಿಗೋ?

ಇಂಗ್ಲಿಷಿನಲ್ಲಿ ಪ್ರೆಪೊಸಿಷನ್ ಎಂದು ಕರೆಯಲಾಗುವ, ನಾಮಪದದ ಮುಂಚೆ ನಿಂತು ಅದಕ್ಕೂ ಉಳಿದ ವಾಕ್ಯಕ್ಕೂ ನಂಟು ಕಲ್ಪಿಸುವ ಪುಟ್ಟ ಪದಗಳು ಗಾತ್ರದಲ್ಲಿ ಅಲ್ಪವಾದರೂ ಉಪಟಳದಲ್ಲಿ ಅಲ್ಪವಲ್ಲವೆಂಬುದನ್ನು ಕನ್ನಡ ನಾಡಿನ ಹೈಸ್ಕೂಲುಗಳಲ್ಲಿ ಓದಿದ ಯಾರೂ ಅಲ್ಲಗಳೆಯಲಾರರು. ಜಾಗವನ್ನು ಹೇಳುವ ಪ್ರೆಪೊಸಿಷನ್ನುಗಳನ್ನು ಮೇಷ್ಟರು ಡಸ್ಟರನ್ನು ಮೇಜಿನ ಮೇಲೊಮ್ಮೆ, ಕೆಳಗೊಮ್ಮೆ ಇಟ್ಟು ತೋರಿಸಿಬಿಡಬಹುದು. ಕಾಲವನ್ನು ಹೇಳುವವಕ್ಕೆ ಅಂಥ ಮೇಜಿಲ್ಲ. ಈ ತೊಡಕನ್ನು ಪರಿಶೀಲಿಸಲು ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಗಿಂತ ತಕ್ಕ ಸ್ಥಳ ಸಿಗುವುದು ಕಷ್ಟ. ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದ ಈ ಗಿರಿಧಾಮದಲ್ಲಿ ಕಾಲವನ್ನು ಗಡಿಯಾರ, ಮಂಜು, ಬಸ್ಸು ಮೂರೂ ಸೇರಿ ಆಳುತ್ತವೆಯಾದರೂ, ಒಂದರ ಮಾತನ್ನು ಇನ್ನೊಂದು ಕೇಳುವ ಪದ್ಧತಿ ಅಲ್ಲಿಲ್ಲ.

ಶಾಲೆಯಲ್ಲಿ ಕಲಿಸುವ ನಿಯಮ ಸರಳವಾಗಿದೆ. ‘ಆ್ಯಟ್’, ‘ಆನ್’, ‘ಇನ್’ ಎಂಬ ಮೂರು ಪದಗಳು ಅಕ್ಕಿ ಅಳೆಯುವ ಪಾವು, ಸೇರು, ಕೊಳಗಗಳಂತೆ ಕಾಲದ ಮೂರು ಅಳತೆಗಳು: ಗಡಿಯಾರದ ಒಂದು ಬಿಂದುವಿಗೆ ‘ಆ್ಯಟ್’, ಒಂದು ದಿನಕ್ಕೆ ‘ಆನ್’, ತಿಂಗಳು, ವರ್ಷ, ಶತಮಾನಗಳಿಗೆ ‘ಇನ್’. ಕೆಮ್ಮಣ್ಣುಗುಂಡಿಯನ್ನು ಬೇಸಿಗೆಯ ತಂಗುದಾಣವಾಗಿ ಮಾಡಿಕೊಂಡಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ರಾಜ್ಯಾಧಿಕಾರ ವಹಿಸಿಕೊಂಡದ್ದು 1902ರಲ್ಲಿ ಎಂದರೆ ‘ಇನ್’, ಆಗಸ್ಟ್ 8ರಂದು ಎಂದರೆ ‘ಆನ್’, ಇಂಥ ಮುಹೂರ್ತಕ್ಕೆ ಎಂದು ಪುರೋಹಿತರು ಕೂಡಿಸಿದರೆ ‘ಆ್ಯಟ್’. ಹೀಗೆ ಒಬ್ಬ ಅರಸರ ಒಂದೇ ಸಮಾರಂಭ ಮೂರು ಪದಗಳಿಗೂ ಊಟ ಹಾಕುತ್ತದೆ.

ಆದರೆ ನಿಯಮವನ್ನು ಕಟ್ಟಿದವರೇ ಅದರಲ್ಲಿ ಕಿಂಡಿ ಬಿಟ್ಟಿದ್ದಾರೆ. ಬೆಳಗ್ಗೆ, ಮಧ್ಯಾಹ್ನ, ಸಂಜೆಗಳಿಗೆ ‘ಇನ್’ ಹಚ್ಚುವ ಇಂಗ್ಲಿಷು ರಾತ್ರಿಗೆ ಮಾತ್ರ ಸಾಮಾನ್ಯವಾಗಿ ‘ಆ್ಯಟ್’ ಹಚ್ಚುತ್ತದೆ. ಇಡೀ ಇರುಳನ್ನು ಒಂದು ಬಿಂದುವಿಗೆ ಇಳಿಸಿದ ಮಹನೀಯರು ಡಿಸೆಂಬರಿನಲ್ಲಿ ಒಂದೇ ಕಂಬಳಿ ಹೊದ್ದು ಕೆಮ್ಮಣ್ಣುಗುಂಡಿಯಲ್ಲಿ ಮಲಗಿದವರಲ್ಲವೆಂದು ಧಾರಾಳವಾಗಿ ಊಹಿಸಬಹುದು. ವಾರಾಂತ್ಯದ ವಿಷಯದಲ್ಲಂತೂ ಬ್ರಿಟಿಷರು ‘ಆ್ಯಟ್’ ಎಂದೂ ಅಮೆರಿಕನ್ನರು ‘ಆನ್’ ಎಂದೂ ಹೇಳುತ್ತಾರೆ. ಮುಂಗಡ ಕಾದಿರಿಸದೆ ಶನಿವಾರ ಸಂಜೆ ಗುಡ್ಡ ಹತ್ತಿ ಬಂದವರಿಗೆ ಕೊಠಡಿ ಸಿಗದಿರುವ ವಿಷಯದಲ್ಲಿ ಮಾತ್ರ ಎರಡು ಪಂಥಗಳಿಗೂ ಭೇದವಿಲ್ಲ.

ಕನ್ನಡದ ವ್ಯವಸ್ಥೆ ಬೇರೆ. ನಾಮಪದದ ಕೊನೆಗೆ ಸೇರಿ ಅದರ ಸಂಬಂಧವನ್ನು ತಿಳಿಸುವ ವಿಭಕ್ತಿ ಪ್ರತ್ಯಯವು ಇಲ್ಲಿ ಆ ಕೆಲಸ ಮಾಡುವುದರಿಂದ, ಮಾತನಾಡುವವರು ಮೊದಲು ಕಾಲವನ್ನು ಹೇಳಿ, ಅದನ್ನು ಬಿಂದುವೆಂದು ನೋಡಬೇಕೋ ಬಯಲೆಂದು ನೋಡಬೇಕೋ ಎಂಬುದನ್ನು ಆಮೇಲೆ ತೀರ್ಮಾನಿಸಬಹುದು. ‘ಸೋಮವಾರ ಬಾ’ ಎಂಬಲ್ಲಿ ತೀರ್ಮಾನಿಸದೆಯೂ ಇರಬಹುದು. ದಿನಾಂಕಕ್ಕೆ ‘ರಂದು’ ಎಂಬ ಗಂಭೀರ ರೂಪವಿದ್ದರೂ ಅದು ಸರಕಾರಿ ಸುತ್ತೋಲೆಗಳಲ್ಲಿ ಮತ್ತು ಲಗ್ನಪತ್ರಿಕೆಗಳಲ್ಲಿ ಮಾತ್ರ ಮೈತುಂಬ ಕಾಣಿಸಿಕೊಂಡು, ಬಸ್ ನಿಲ್ದಾಣದಲ್ಲಿ ‘ಎಂಟನೇ ತಾರೀಖು’ ಎಂಬುದಕ್ಕೆ ಜಾಗ ಬಿಟ್ಟುಕೊಡುತ್ತದೆ. ಇದಕ್ಕಿಂತ ಮಿಗಿಲಾಗಿ, ಒಂದು ವಿಭಕ್ತಿ ಬರಬೇಕಾದ ಕಡೆ ಇನ್ನೊಂದು ಬಂದು ಅದೇ ಅರ್ಥ ಕೊಟ್ಟರೆ ಕನ್ನಡ ವೈಯಾಕರಣರು ಅದನ್ನು ತಪ್ಪೆಂದು ಹೊಡೆದುಹಾಕದೆ ‘ವಿಭಕ್ತಿ ಪಲ್ಲಟ’ ಎಂಬ ಹೆಸರಿಟ್ಟು ಒಳಗೆ ಕರೆದುಕೊಂಡಿದ್ದಾರೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಅಂಕ ಕಳೆಯುವ ಅಪರಾಧಕ್ಕೆ ಕನ್ನಡ ವ್ಯಾಕರಣದಲ್ಲಿ ಪಾರಿಭಾಷಿಕ ಪದದ ಮರ್ಯಾದೆ ದೊರೆತಿದೆಯೆಂಬುದು ಗಮನಾರ್ಹ.

ಈ ಉದಾರತೆಯ ಪ್ರಯೋಗಶಾಲೆಯೆಂದರೆ ಲಿಂಗದಹಳ್ಳಿಯ ಕಡೆಯಿಂದ ಗುಡ್ಡ ಹತ್ತುವ ಬಸ್ಸು. ‘ಬಸ್ ಎಷ್ಟು ಗಂಟೆಗೆ?’ ಎಂದು ಪ್ರವಾಸಿಯೊಬ್ಬ ಅಂಗಡಿಯ ಯಜಮಾನರನ್ನು ಕೇಳಿದರೆ ‘ಒಂಬತ್ತರ ಹೊತ್ತಿಗೆ ಬರುತ್ತೆ ಸಾರ್’ ಎಂಬ ಉತ್ತರ ಬರುತ್ತದೆ. ಒಂಬತ್ತೂವರೆಗೆ ಅದೇ ಪ್ರಶ್ನೆ ಕೇಳಿದರೆ ‘ಇನ್ನೇನು ಬಂತು ಸಾರ್’ ಎಂದು, ಬಾರದ ಬಸ್ಸಿಗೆ ಭೂತಕಾಲದ ಕ್ರಿಯಾಪದ ಹಚ್ಚಿ ಧೈರ್ಯ ಹೇಳುತ್ತಾರೆ. ‘ಒಂಬತ್ತಕ್ಕೆ’ ಎಂಬುದು ಗಡಿಯಾರದ ಮಾತಾದರೆ ‘ಒಂಬತ್ತರ ಹೊತ್ತಿಗೆ’ ಎಂಬುದು ಅನುಭವದ ಮಾತು. ಅದರಲ್ಲಿ ತಿರುವುಗಳು, ಎದುರು ಬರುವ ಲಾರಿ, ಡ್ರೈವರ್ ಕುಡಿಯಬೇಕಾದ ಕಾಫಿ ಎಲ್ಲವೂ ಅಡಕವಾಗಿವೆ. ಇದಕ್ಕೆ ‘ಅರೌಂಡ್ ನೈನ್’ ಎಂಬ ಇಂಗ್ಲಿಷ್ ರೂಪವನ್ನು ಸೂಚಿಸುವವರುಂಟು. ಆದರೆ ‘ಅರೌಂಡ್’ ಎಂಬುದು ಒಂಬತ್ತರ ಎರಡೂ ಬದಿಗೆ ಅವಕಾಶ ಕೊಡುತ್ತದೆ, ಗುಡ್ಡದ ಬಸ್ಸಿಗೆ ಅದರ ಎಡಬದಿ ಬೇಕಾಗುವುದೇ ಇಲ್ಲ.

ಕೆಮ್ಮಣ್ಣುಗುಂಡಿಯಲ್ಲಿ ಖಚಿತವಾದ ಬಿಂದುವೆಂದರೆ ಸೂರ್ಯೋದಯ ನೋಡಲು ಜನ ನಡೆದುಹೋಗುವ ಝಡ್ ಪಾಯಿಂಟ್ ಒಂದೇ, ಮಂಜು ಕವಿದ ದಿನ ಅದೂ ಕಾಣಿಸುವುದಿಲ್ಲ. ಮಳೆಗಾಲದ ಲೆಕ್ಕ ಇನ್ನೂ ವಿಚಿತ್ರ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳನ್ನು ಮಲೆನಾಡಿನ ರೈತರು ಆ ನಕ್ಷತ್ರದ ಹೆಸರಿನ ಮಳೆಯೆಂದು ಕರೆದು, ಆರಿದ್ರೆಯಲ್ಲಿ ಇಂಥ ಕೆಲಸ, ಪುಷ್ಯದಲ್ಲಿ ಇಂಥ ಕೆಲಸ ಎಂದು ಹಂಚಿಕೊಳ್ಳುತ್ತಾರೆ. ವಾರಕ್ಕಿಂತ ಹಿರಿದೂ ತಿಂಗಳಿಗಿಂತ ಕಿರಿದೂ ಆದ ಈ ಅಳತೆಯನ್ನು ಇಂಗ್ಲಿಷಿಗೆ ಒಯ್ಯುವವರು ‘ಇನ್’ ಎಂದು ಬರೆದು, ಮಳೆಯೊಳಗೇ ನಿಂತು ತೊಯ್ಯುತ್ತಿರುವ ಅರ್ಥ ಬಂದೀತೆಂದು ಅಂಜಿ, ‘ಡ್ಯೂರಿಂಗ್’ ಎಂಬ ಛತ್ರಿಯನ್ನು ಬಿಡಿಸುತ್ತಾರೆ.

ಕನ್ನಡಿಗರು ನಿಜವಾಗಿ ಎಡವುವುದು ‘ಸಿನ್ಸ್’ ಮತ್ತು ‘ಫಾರ್’ಗಳ ನಡುವೆ. ಮೊದಲನೆಯದು ಆರಂಭದ ಕ್ಷಣವನ್ನು ಹೇಳುತ್ತದೆ, ಎರಡನೆಯದು ಕಳೆದ ಕಾಲದ ಉದ್ದವನ್ನು ಹೇಳುತ್ತದೆ. ತೋಟಗಾರಿಕೆ ಇಲಾಖೆಯ ಗುಲಾಬಿ ಪಾತಿಗಳಲ್ಲಿ ದುಡಿಯುವ ಮಾಲಿಯೊಬ್ಬ ‘2015ರಿಂದ ಇಲ್ಲಿದ್ದೇನೆ’ ಎಂದರೂ ‘ಹತ್ತು ವರ್ಷದಿಂದ ಇಲ್ಲಿದ್ದೇನೆ’ ಎಂದರೂ ಅದೇ ‘ಇಂದ’ ಪ್ರತ್ಯಯ ಸಾಕಾಗುತ್ತದೆ. ಆ ರೂಢಿಯಿಂದ ‘ಸಿನ್ಸ್ ಟೆನ್ ಇಯರ್ಸ್’ ಹುಟ್ಟಿ, ರಜಾ ಅರ್ಜಿಗಳಲ್ಲಿ ‘ಸಿನ್ಸ್ ಟೂ ಡೇಸ್’ ಜ್ವರವಾಗಿ ಬೆಳೆದು, ಭಾರತೀಯ ಇಂಗ್ಲಿಷಿನಲ್ಲಿ ಖಾಯಂ ನಿವಾಸಿಯಾಗಿದೆ. ಅರ್ಜಿ ಓದುವ ಹೆಡ್‌ಮಾಸ್ತರರೂ ಕನ್ನಡಿಗರೇ ಆಗಿರುವುದರಿಂದ ರಜೆಗೆ ಧಕ್ಕೆಯಿಲ್ಲ.

ಧಕ್ಕೆ ಬರುವುದು ‘ಬೈ’ ಮತ್ತು ‘ಅನ್‌ಟಿಲ್’ ಅದಲುಬದಲಾದಾಗ. ಇವೆರಡರ ಭೇದವನ್ನು ಕನ್ನಡವು ‘ಒಳಗೆ’, ‘ವರೆಗೆ’ ಎಂದು ಸೊಗಸಾಗಿ ಕಾಪಾಡಿಕೊಂಡಿದೆ. ಈ ಗುಡ್ಡದ ಅದಿರು 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿದ್ದ ಕಾಲವನ್ನು ನೆನೆದರೆ ವಿಷಯ ತಿಳಿಯಾಗುತ್ತದೆ: ಒಮ್ಮೆ ಹೊತ್ತಿಸಿದ ಊದುಕುಲುಮೆ ಹಗಲಿರುಳು ಉರಿಯಬೇಕಾದ್ದರಿಂದ ಬೆಂಕಿ ನಾಳೆಯವರೆಗೆ ಇರಬೇಕು, ಅದಿರು ನಾಳೆಯೊಳಗೆ ಬರಬೇಕು, ಬೆಂಕಿಯದು ‘ಅನ್‌ಟಿಲ್’, ಅದಿರಿನದು ‘ಬೈ’. ಇಷ್ಟು ಬಲ್ಲವರೂ ಇಂಗ್ಲಿಷಿನಲ್ಲಿ ತಪ್ಪುವುದಕ್ಕೆ ಕಾರಣ, ಶಾಲೆಯಲ್ಲಿ ‘ಬೈ’ ಎಂದರೆ ‘ಇಂದ’ ಎಂದು ಉರುಹೊಡೆಸಿ, ಅದನ್ನು ಬಸ್ಸಿಗೂ ಕವಿಗೂ ಗಂಟುಹಾಕಿ, ಗಡಿಯಾರದ ಹತ್ತಿರ ಸುಳಿಯಗೊಡದಿರುವುದು. ಹೆಬ್ಬೆ ಜಲಪಾತಕ್ಕೆ ಹೊರಟ ಪ್ರವಾಸಿಯು ಜೀಪಿನವನಿಗೆ ‘ಐದರೊಳಗೆ ಬಾ’ ಎನ್ನುವ ಬದಲು ‘ಅನ್‌ಟಿಲ್ ಫೈವ್’ ಎಂದು ಇಂಗ್ಲಿಷು ಚೆಲ್ಲಿದರೆ, ಜೀಪಿನವನು ಐದರವರೆಗೆ ಎಲ್ಲಾದರೂ ಹೋಗಿರಲು ಅಪ್ಪಣೆ ಸಿಕ್ಕಿತೆಂದು ತಿಳಿದರೆ ತಪ್ಪು ಅವನದಲ್ಲ.

ಇನ್ನುಳಿದದ್ದು ‘ಆನ್ ಟೈಮ್’ ಮತ್ತು ‘ಇನ್ ಟೈಮ್’ ಎಂಬ ಜೋಡಿ. ಹೇಳಿದ ಹೊತ್ತಿಗೆ ಸರಿಯಾಗಿ ನಡೆದದ್ದು ಮೊದಲನೆಯದು, ಕೈಮೀರುವ ಮೊದಲು ಆದದ್ದು ಎರಡನೆಯದು. ಘಾಟಿ ರಸ್ತೆಯ ಬಸ್ಸು ಮೊದಲನೆಯದನ್ನು ಎಂದೂ ಸಾಧಿಸದೆ ಇರಬಹುದು. ಆದರೂ ಪ್ರಯಾಣಿಕರು ಅದನ್ನು ಎರಡನೆಯದರಲ್ಲಿ ಹಿಡಿಯುವುದಕ್ಕೆ ಕಾರಣ, ಬಸ್ಸಿನಷ್ಟೇ ತಡವಾಗಿ ಮನೆ ಬಿಡುವ ಕಲೆ ಅವರಿಗೆ ವಂಶಪಾರಂಪರ್ಯವಾಗಿ ಬಂದಿರುವುದು.