ಟ್ರಯತ್ಲಾನ್ ಭಾವ

ಕಾಸರಗೋಡು ಕಡೆಯ ಪ್ರತಿ ಊರಿಗೂ ಊರಿನದೇ ಒಬ್ಬ ಭಾವ ಇರುತ್ತಾನೆ. ಒಂದು ಕಾಲದಲ್ಲಿ ಅವನು ತಾಳಮದ್ದಳೆಗೆ ಅರ್ಥ ಹೇಳುತ್ತಿದ್ದ. ಆಮೇಲೆ ಎಲ್‌ಐಸಿ ಏಜೆಂಟನಾದ. ನಡುವೆ ಸ್ವಲ್ಪ ವರ್ಷ ವೆನಿಲ್ಲಾ ತಜ್ಞನಾಗಿದ್ದು, ಬೆಲೆ ಬಿದ್ದ ದಿನದಿಂದ ಆ ಮಾತನ್ನೇ ಎತ್ತಲಿಲ್ಲ. ಈಗ ಅವನು ಟ್ರಯತ್ಲಾನ್ ಮಾಡುತ್ತಾನೆ.

ಅನಂತಪುರದ ನಮ್ಮ ಭಾವನನ್ನೇ ನೋಡಿ. ಕೊರೋನಾ ಕಾಲದಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದವನು ಇಲ್ಲೇ ಉಳಿದ. ಹೊಟ್ಟೆ ಹೋಗಿದೆ, ಕೆನ್ನೆಯೂ ಹೋಗಿದೆ. ಅತ್ತೆಗೆ ಎರಡನೆಯದರ ಬಗ್ಗೆ ಮಾತ್ರ ಚಿಂತೆ. ರಾತ್ರಿ ನಿದ್ದೆ ಬಂತಾ ಎಂದು ಕೇಳಿದರೆ ಕೈಯ ವಾಚು ನೋಡಿ ಉತ್ತರ ಹೇಳುತ್ತಾನೆ. ಮದುವೆಯೂಟದಲ್ಲಿ ಹೋಳಿಗೆ ಬಂದರೆ ಎಲೆಗೆ ಕೈ ಅಡ್ಡ ಹಿಡಿದು "ಈ ವಾರ ಕಾರ್ಬ್ ಇಲ್ಲ" ಎನ್ನುತ್ತಾನೆ. ಸ್ಪರ್ಧೆ ಹತ್ತಿರ ಬಂದಾಗ "ಈ ವಾರ ಕಾರ್ಬ್ ಬೇಕು" ಎಂದು ಐದು ಹಾಕಿಸಿಕೊಳ್ಳುತ್ತಾನೆ. ಬಡಿಸುವವರು ಈಗ ಎಲೆಯ ಮುಂದೆ ನಿಂತು, "ಭಾವಾ, ಇವತ್ತು ಯಾವ ವಾರ?" ಎಂದು ಮೊದಲೇ ಕೇಳಿಕೊಳ್ಳುತ್ತಾರೆ.

ಟ್ರಯತ್ಲಾನ್ ಎಂದರೆ ಏನೆಂದು ಅವನು ಮಾವನಿಗೆ ವಿವರಿಸಿದ ದಿನ ನಾನೂ ಜಗಲಿಯಲ್ಲಿದ್ದೆ. ಒಲಿಂಪಿಕ್ಸ್ ಲೆಕ್ಕದಲ್ಲಿ 1,500 ಮೀಟರ್ ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ, ಎಲ್ಲ ಒಂದರ ಬೆನ್ನಿಗೆ ಒಂದು. ಮಾವ ವೀಳ್ಯಕ್ಕೆ ಸುಣ್ಣ ಸವರುತ್ತಾ ಕೇಳಿದರು: "40 ಕಿಲೋಮೀಟರ್ ಅಂದರೆ ಕುಂಬಳೆಯಿಂದ ಮಂಗಳೂರು. ಬಸ್ಸುಂಟಲ್ಲ?"

ಈಜಿನ ಅಭ್ಯಾಸ ತೋಟದ ಕೆರೆಯಲ್ಲಿ. ಕೆರೆಯ ಉದ್ದ 30 ಅಡಿ. 1,500 ಮೀಟರ್ ಆಗಬೇಕಾದರೆ 164 ಸಲ ಆಚೆಯಿಂದೀಚೆಗೆ ಹೋಗಬೇಕು. ಲೆಕ್ಕ ತಪ್ಪುತ್ತದೆಂದು ಅತ್ತೆಯನ್ನು ದಂಡೆಯ ಮೇಲೆ ಕೂರಿಸಿದ. ಅತ್ತೆ ಒಂದೊಂದು ಸುತ್ತಿಗೂ ಒಂದೊಂದು ಅಡಕೆಯನ್ನು ಬುಟ್ಟಿಯಿಂದ ತೆಗೆದು ಮಡಿಲಿಗೆ ಹಾಕಿಕೊಳ್ಳುವುದೆಂದು ಏರ್ಪಾಡಾಯಿತು. ನೂರರ ಹತ್ತಿರ ಬಂದಾಗ ಆಚೆಮನೆಯವರು ಮಾತಿಗೆ ಸಿಕ್ಕಿದರು. ಮಾತು ಮುಗಿಯುವ ಹೊತ್ತಿಗೆ ಅತ್ತೆ ಮಡಿಲಿನ ಅಡಕೆಯೆಲ್ಲ ಸುಲಿದಾಗಿತ್ತು. ಭಾವ ಮತ್ತೆ ಒಂದರಿಂದ ಶುರುಮಾಡಿದ.

ಹತ್ತಿರದಲ್ಲೇ ದೊಡ್ಡ ಕೆರೆ ಇಲ್ಲದೆ ಇಲ್ಲ. ತಿರುವನಂತಪುರದ ಪದ್ಮನಾಭನಿಗೇ ಇದು ಮೂಲಸ್ಥಾನವೆಂದು ಭಕ್ತರು ನಂಬುವ ನಮ್ಮ ಅನಂತಪದ್ಮನಾಭ ಕೂತದ್ದು ಎರಡು ಎಕ್ರೆ ಕೆರೆಯ ನಡುವೆ. ಭಾವ ಪ್ರದಕ್ಷಿಣೆ ಬರುವಾಗ ಕಣ್ಣಳತೆಯಲ್ಲೇ ಹೇಳಿದ: "ಒಂದು ಬದಿ ಮುನ್ನೂರು ಅಡಿ. ಹದಿನಾರೂವರೆ ಉದ್ದ ಹೋದರೆ ಸಾಕಿತ್ತು." ಅತ್ತೆ ಅವನ ಮೊಣಕೈ ಹಿಡಿದು ದೇವರ ಕಡೆಗೆ ತಿರುಗಿಸಿದರು. ಆ ಕೆರೆ ಅವನ ಪಾಲಿಗೆ ಲೆಕ್ಕವಾಗಿಯೇ ಉಳಿಯಿತು. ನೈವೇದ್ಯದ ಅನ್ನ ತಿಂದುಕೊಂಡು ಅಲ್ಲಿ ಹತ್ತಾರು ವರ್ಷ ಇದ್ದ ಮೊಸಳೆ ಬಬಿಯಾ ತೀರಿಹೋದದ್ದು 2022ರ ಅಕ್ಟೋಬರ್ 9ರ ರಾತ್ರಿ. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಊರಿನ ಹುಡುಗರಿಗೆ ಭಾವನನ್ನು ಕಂಡಾಗಲೆಲ್ಲ ಅದರ ನೆನಪು: "ಭಾವಾ, ಅದು ಹಿಂದೆ ಬಂದರೆ ಟೈಮಿಂಗ್ ಒಳ್ಳೆದಾದೀತು!"

ಇಷ್ಟಾದರೂ ಭಾವನ ನಿಜವಾದ ಸ್ಪರ್ಧೆ ನಡೆಯುವುದು ಹವಾಮಾನದ ಜೊತೆಗೆ. ಅವನ ಫೋನಿನಲ್ಲಿ ಮೂರು ಹವಾಮಾನ ಆ್ಯಪ್‌ಗಳಿವೆ. ಒಂದು ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ. ಕರ್ಕಾಟಕದ ಮಳೆಯಲ್ಲಿ ಮುರಕಲ್ಲಿನ ಪದವು ಪಾಚಿಗಟ್ಟಿ ದನವೂ ಕಾಲಿಡಲು ಯೋಚಿಸುವಾಗ ಇವನು ಸೈಕಲ್ ಹೊರಗೆ ತೆಗೆಯುತ್ತಾನೆ. ರೆಡ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 204 ಮಿ.ಮೀ. ಮೀರಿದ ಮಳೆ. ಜಿಲ್ಲಾಧಿಕಾರಿ ರಜೆ ಘೋಷಿಸಿದರಾ ಎಂದು ಮಕ್ಕಳು ರಾತ್ರಿಯಿಡೀ ಫೋನು ನೋಡುತ್ತಾರೆ, ಭಾವನೂ ನೋಡುತ್ತಾನೆ. ಶಾಲೆಗೆ ರಜೆಯಾದರೆ ರಸ್ತೆಯಲ್ಲಿ ಶಾಲೆಯ ಬಸ್ಸುಗಳಿರುವುದಿಲ್ಲವಂತೆ.

ಮಳೆಯ ಮೇಲೆ ಇಷ್ಟು ಪ್ರೀತಿ ಯಾಕೆ? ನನಗನಿಸುವುದು, ಬಿಸಿಲಿನಲ್ಲಿ ಹೋಗಿ ಬಂದವನನ್ನು ಯಾರೂ ಏನೂ ಕೇಳುವುದಿಲ್ಲ. ಬೆನ್ನುದ್ದಕ್ಕೆ ಕೆಂಪು ಕೆಸರಿನ ಪಟ್ಟಿ ಹೊಡೆಸಿಕೊಂಡು ಬಂದರೆ ಅದಕ್ಕೊಂದು ಕಥೆ ಉಂಟು, ಫೋಟೋ ಉಂಟು. ಟೈಮಿಂಗ್ ಬಾರದಿದ್ದರೆ ಮಳೆಯ ಮೇಲೆ ಹಾಕಲೂಬಹುದು. ಮಳೆ ಬಾರದ ದಿನಕ್ಕೆ ಎದುರುಗಾಳಿ ಇದ್ದೇ ಇದೆ. ಹೋಗುವಾಗ ಎದುರುಗಾಳಿ, ಅದೇ ದಾರಿಯಲ್ಲಿ ತಿರುಗಿ ಬರುವಾಗಲೂ ಎದುರುಗಾಳಿ. ಇಂಥ ಗಾಳಿ ಬೇರೆ ಯಾರಿಗೂ ಬೀಸಿದ್ದನ್ನು ನಾನು ಕೇಳಿಲ್ಲ.

ಊರವರು ಇದರಿಂದ ಲಾಭ ಮಾಡಿಕೊಂಡಿದ್ದಾರೆ. ಅಡಕೆಗೆ ಕೊಳೆರೋಗ ಬಾರದಂತೆ ಮದ್ದು ಬಿಡಬೇಕಾದರೆ ಒಂದು ಹೊಳವು ಸಿಗಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕಲಸಿದ ಮೇಲೆ ಮಳೆ ಬಂದರೆ ಡ್ರಮ್ಮಿನಷ್ಟೂ ದುಡ್ಡು ನೀರಿಗೆ. ಮೊದಮೊದಲು ಎಲ್ಲರೂ ಭಾವನ ಆ್ಯಪ್ ನಂಬಿ ಮದ್ದು ಕಲಸಿ ಕೆಟ್ಟರು. ಈಗ ಅನುಭವಸ್ಥರಾಗಿದ್ದಾರೆ. "ನಾಳೆ ಹತ್ತರವರೆಗೆ ಹನಿಯಿಲ್ಲ, ಲಾಂಗ್ ರೈಡ್ ಹೋಗುತ್ತೇನೆ" ಎಂದು ಭಾವ ಹೇಳಿದರೆ ಆ ರಾತ್ರಿ ಊರಿನಲ್ಲಿ ಯಾರೂ ಮೈಲುತುತ್ತು ನೆನೆಹಾಕುವುದಿಲ್ಲ. ಅವನು ಬೆಳಿಗ್ಗೆ ಮಳೆಯಂಗಿ ಹಾಕಿಕೊಂಡು ಹೊರಟರೆ ನಾಲ್ಕು ತೋಟಗಳಲ್ಲಿ ಪಂಪು ಚಾಲೂ ಆಗುತ್ತದೆ.

ಮಾವನದೂ ಅವನದೂ ಒಂದು ವಿಷಯದಲ್ಲಿ ಜಿದ್ದು. ಮನೆಯಲ್ಲಿ ಕಾರ್ಬನ್ ಫೈಬರಿನ ವಸ್ತು ಎರಡಿವೆ: ಮಗನ ಸೈಕಲ್, ಅಪ್ಪನ ದೋಟಿ. ಮರ ಹತ್ತುವವರು ಸಿಗದ ಈ ಕಾಲದಲ್ಲಿ ನೆಲದ ಮೇಲೇ ನಿಂತು 60 ಅಡಿ ಎತ್ತರದ ಅಡಕೆಗೊನೆಗೆ ಮದ್ದು ಮುಟ್ಟಿಸುವ ಸಾಧನ ಅದು. ಎರಡಕ್ಕೂ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಭಾವ ತನ್ನ ಸೈಕಲನ್ನು ಒಂದೇ ಬೆರಳಲ್ಲಿ ಎತ್ತಿ ತೋರಿಸುತ್ತಾನೆ. ಮಾವ ಏನೂ ಎತ್ತುವುದಿಲ್ಲ, ಮಾತು ಮಾತ್ರ: "ನನ್ನದು ಅದರ ಸಾಲವನ್ನು ಅದೇ ತೀರಿಸಿತು."

ಇನ್ನು ವೆಟ್‌ಸೂಟ್. ತಣ್ಣೀರಿನಲ್ಲಿ ಈಜುವವರು ಮೈ ಬೆಚ್ಚಗಿರಲೆಂದು ಹಾಕುವ ರಬ್ಬರಿನ ಅಂಗಿ. ಆನ್‌ಲೈನ್ ಸೇಲ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ತರಿಸಿದ. ಬಂದ ಮೇಲೆ ನಿಯಮ ಓದಿದ. ಆ 1,500 ಮೀಟರಿನ ಈಜಿನಲ್ಲಿ ನೀರು 22 ಡಿಗ್ರಿಗಿಂತ ಬೆಚ್ಚಗಿದ್ದರೆ ಸಾಮಾನ್ಯ ಸ್ಪರ್ಧಿಗಳು ಅದನ್ನು ಹಾಕುವ ಹಾಗಿಲ್ಲ. ನಮ್ಮ ಸಮುದ್ರ ಅಷ್ಟು ತಣ್ಣಗಾಗಬೇಕಾದರೆ ಪ್ರಳಯವೇ ಆಗಬೇಕು. ಸ್ವಲ್ಪ ಕಾಲ ಅದು ಅಟ್ಟದಲ್ಲಿ ನೇತಾಡಿತು. ರಾತ್ರಿ ಮೇಲೆ ಹೋದವರು ಕಿರುಚಿಕೊಂಡು ಇಳಿದರು. ಈಗ ಅತ್ತೆ ಅದಕ್ಕೆ ಬೈಹುಲ್ಲು ತುಂಬಿ ತರಕಾರಿ ಹಿತ್ತಿಲಲ್ಲಿ ಬೆರ್ಚಪ್ಪ ಮಾಡಿ ನಿಲ್ಲಿಸಿದ್ದಾರೆ. ಮಂಗಗಳು ಎರಡು ದಿನ ಹೆದರಿದವು.

2024ರ ಅಕ್ಟೋಬರ್ 27ರಂದು ಬೆಂಗಳೂರಿನ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ ಐರನ್‌ಮ್ಯಾನ್ 70.3 ಮುಗಿಸಿದರು. 1.9 ಕಿ.ಮೀ. ಈಜು, 90 ಸೈಕಲ್, 21.1 ಓಟ. ಪ್ರಧಾನಿಯೇ ಮೆಚ್ಚಿ ಬರೆದ ಮೇಲೆ ಊರಿನಲ್ಲಿ ಭಾವನ ಬೆಲೆ ಏರಿತು. ಅದುವರೆಗೆ "ಕೆಲಸವಿಲ್ಲವಾ ಇವನಿಗೆ?" ಎಂದವರು "ರಾಜಕೀಯಕ್ಕೆ ಇಳಿಯುತ್ತಾನಾ?" ಎಂದು ಕೇಳತೊಡಗಿದರು.

ಅಂತೂ ಅವನ ಮೊದಲ ಸ್ಪರ್ಧೆ ಬಂತು, ನವರಾತ್ರಿಯ ಹೊತ್ತಿಗೆ, ಕರಾವಳಿಯ ಒಂದು ನಗರದಲ್ಲಿ. ಚೀಲ ಹೊರಲು ನಾನು. ಹಿಂದಿನ ದಿನವೇ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ. 30 ಅಡಿಯ ಕೆರೆಯಲ್ಲಿ ಕಲಿತವನು ಸಂಜೆ ದಡದಲ್ಲಿ ನಿಂತು ತೆರೆಗಳನ್ನು ನೋಡಿದ. ರಾತ್ರಿ ಊಟ ಬೇಡವೆಂದ. ಬೆಳಿಗ್ಗೆ ಐದಕ್ಕೆ ಮಿಂಚು. ಐದೂವರೆಗೆ ಮೈಕಿನಲ್ಲಿ ಘೋಷಣೆ: ಈಜು ರದ್ದು, ಬದಲಿಗೆ 5 ಕಿ.ಮೀ. ಓಟ. ಆಗ ಭಾವನ ಮುಖದ ಮೇಲೆ, ಗಣಿತ ಪರೀಕ್ಷೆ ಮುಂದೆ ಹೋದ ಹತ್ತನೆಯ ಕ್ಲಾಸಿನ ಹುಡುಗನ ಕಾಂತಿ ಮೂಡಿದ್ದನ್ನು ಕಣ್ಣಾರೆ ಕಂಡೆ. ಒಂದು ನಿಮಿಷ ಇದ್ದೀತು. ಆಮೇಲೆ ಸುತ್ತ ಜನ ಇದ್ದಾರೆಂದು ನೆನಪಾಗಿ ತೊಡೆಗೆ ಬಡಿದುಕೊಂಡ: "ಛೆ! ಈಜೇ ನನ್ನ ಸ್ಟ್ರಾಂಗ್ ಪಾಯಿಂಟ್!"

ಅದನ್ನು ಇವತ್ತಿಗೂ ಹೇಳುತ್ತಿದ್ದಾನೆ. ಹೇಳುವಾಗ ಪ್ಯಾರಿಸನ್ನೂ ಎಳೆದು ತರುತ್ತಾನೆ. ಸೀನ್ ನದಿ ಶುದ್ಧ ಮಾಡಲು 140 ಕೋಟಿ ಯೂರೋ ಸುರಿದರೂ ಮಳೆಯಿಂದ ನೀರು ಕೆಟ್ಟು, 2024ರ ಒಲಿಂಪಿಕ್ಸ್‌ನ ಪುರುಷರ ಟ್ರಯತ್ಲಾನ್ ಜುಲೈ 30ರಿಂದ 31ಕ್ಕೆ ಹೋಯಿತು. ಹವಾಯಿಯಲ್ಲಿ 1979ರ ಐರನ್‌ಮ್ಯಾನ್ ಕೂಡ ಬಿರುಗಾಳಿಗೆ ಒಂದು ದಿನ ಮುಂದೆ ಹೋಗಿತ್ತು. "ಅವರಿಗೆಲ್ಲ ಮರುದಿನ ಸಿಕ್ಕಿತು, ನನಗೆ ಸಿಗಲಿಲ್ಲ" ಎಂದು ನಿಟ್ಟುಸಿರು. ಮರುದಿನ ಸಿಕ್ಕಿದ್ದರೆ ರಾತ್ರಿಯ ರೈಲಿಗೇ ಊರಿಗೆ ಬರುತ್ತಿದ್ದನೆಂಬುದು ನನ್ನ ಗುಮಾನಿ.

ಉಳಿದದ್ದನ್ನು ಮಾತ್ರ ಅವನು ಮಾಡಿದ ಮಾರಾಯರೆ, ಸುಳ್ಳು ಹೇಳಬಾರದು. ಜಡಿಮಳೆಯಲ್ಲಿ ಕನ್ನಡಕ ಮಂಜಾಗಿ, ಅದನ್ನು ಕಳಚಿ ಹಲ್ಲಿನಲ್ಲಿ ಕಚ್ಚಿಕೊಂಡು ಸೈಕಲ್ ತುಳಿದ. ತಿರುವಿನಲ್ಲಿ ಎದುರಿನವನೂ ಹಿಂದಿನವನೂ ಜಾರಿ ಬಿದ್ದರು. ಪದವಿನ ಪಾಚಿಯಲ್ಲಿ ಪಳಗಿದ ಇವನು ಮಾತ್ರ ಕಾಲು ಊರದೆ ದಾಟಿದ. ಕೊನೆಯ ಓಟದಲ್ಲಿ ಮಳೆ ನಿಂತು ಚುರುಕು ಬಿಸಿಲು ಬಂತು, ಡಾಂಬರಿನಿಂದ ಹಬೆ ಎದ್ದಿತು, ಶೂ ಒಳಗೆ ನೀರು ಪಚಪಚ. ಗೆರೆ ದಾಟಿದ ಮೇಲೆ ನೆಲಕ್ಕೆ ಬಿದ್ದು, ಮೊದಲು ವಾಚನ್ನು ಒತ್ತಿ ನಿಲ್ಲಿಸಿ, ಆಮೇಲೆ ಉಸಿರು ಬಿಟ್ಟ.

ಕೊರಳಿಗೆ ಮೆಡಲು ಬಿದ್ದ ಕೂಡಲೇ ಮನೆಗೆ ಫೋನು, ಸ್ಪೀಕರಿನಲ್ಲಿ.

"ಅಪ್ಪಾ, ಮುಗಿಸಿದೆ!"

"ಅಲ್ಲಿ ಮಳೆ ಉಂಟಾ?"

"ಬೆಳಗ್ಗಿಂದ ಜೋರು. ಈಗ ಮಾತ್ರ ಬಿಸಿಲು. ಆ್ಯಪ್ ನೋಡಿದೆ, ಇನ್ನು ಸಂಜೆಯವರೆಗೆ ಹನಿಯಿಲ್ಲ."

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಮತ್ತೆ ಮಾವ ಅಂಗಳಕ್ಕೆ ಕೂಗಿದ್ದು ಇಲ್ಲಿಗೂ ಕೇಳಿಸಿತು: "ಏ, ಮದ್ದು ಕಲಸಬೇಡಿ! ಡ್ರಮ್ಮಿಗೆ ಮುಚ್ಚಳ ಹಾಕಿ!"