ಕಡಲಿಗೆ ಹತ್ತಿರ, ಪೆನ್ಶನ್ನಿಗೆ ಎಟಕುವಷ್ಟು ದೂರ

ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿಗೆ ಕಾದೂ ಕಾದೂ ತಲೆ ನರೆತವರಿಗೆ ರಿಟೈರಾಗುವ ಹೊತ್ತಿಗೆ ಕಡಲ ಕನಸು ಬೀಳತೊಡಗುತ್ತದೆ. ಪಿಎಫ್ ಹಣ ಕೈಸೇರುವ ಮೊದಲೇ ಯಜಮಾನರು ಮರವಂತೆಯಲ್ಲಿ ನಿಂತಿರುತ್ತಾರೆ. ಹೆದ್ದಾರಿ 66ರ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ನಡುವೆ ಲಾರಿಗಳ ಹಾರ್ನು.

"ಇಲ್ಲೇ ಐದು ಸೆಂಟ್ಸ್ ತಗೊಂಡುಬಿಡೋಣ ಕಣೇ."

"ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸ್ತೀರಿ?"

ಪ್ರಶ್ನೆ ಸಣ್ಣದೇನಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಚಪ್ಪಲಿಗೂ ಬೂಷ್ಟು, ಬೀರುವಿನ ರೇಷ್ಮೆ ಸೀರೆಗೂ ಬೂಷ್ಟು. ಉಪ್ಪುಗಾಳಿಗೆ ಗೇಟಿನ ಚಿಲಕ ತುಕ್ಕು ಹಿಡಿದು, ಮನೆಯವರನ್ನೇ ಒಳಗೆ ಬಿಡುವುದಿಲ್ಲ. ಅಗ್ಗದ ಮೀನಿನ ಆಸೆಯೇ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಬಂಗುಡೆಯ ಗತ್ತು ನೋಡಬೇಕು ಆಗ.

"ಮನೆ ಬಾಗಿಲಿಗೇ ಅಲೆ ಬರ್ತದೆ ಸಾರ್" ಎಂದು ದಲ್ಲಾಳಿ ಬೀಗಿದರೆ ಹುಷಾರು. ಉಳ್ಳಾಲದಲ್ಲಿ ಅಲೆ ಬಾಗಿಲಿಗೆ ಬಂದು ಬಾಗಿಲನ್ನೂ ಕರೆದೊಯ್ದಿದೆ. ಕಡಲಂಚಿನಲ್ಲಿ ಕಟ್ಟಡ ಕಟ್ಟುವುದಕ್ಕೆ ಲಗಾಮು ಹಾಕುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ 1991ರಿಂದಲೇ ಇದೆ. ಆದರೂ ಉಬ್ಬರದ ಗೆರೆಯಿಂದ ಸೈಟು ಎಷ್ಟು ದೂರ ಎಂದು ಕೇಳಿದ ಕೂಡಲೇ ದಲ್ಲಾಳಿಗೆ ಯಾವುದೋ ಅರ್ಜೆಂಟ್ ಫೋನ್ ಬರುತ್ತದೆ.

ಅದಕ್ಕಿಂತ ಕಡಲಿನಿಂದ ತುಸು ಒಳಗೆ, ಕುಂದಾಪುರ ಪೇಟೆಯ ಆಸುಪಾಸಿನಲ್ಲಿ ಬಾಡಿಗೆಗೆ ಕೂತು ಒಂದು ಮಳೆಗಾಲ ಕಳೆದು ನೋಡುವುದು ಮೇಲು. ರೈಲಿದೆ, ಮಣಿಪಾಲದ ಆಸ್ಪತ್ರೆ ಗಂಟೆಯ ದಾರಿ. ಮಂಡಿನೋವಿನವರಿಗೆ ಅಲೆಗಿಂತ ಅದೇ ಮುಖ್ಯ. ಸಂಜೆ ಆಟೋದಲ್ಲಿ ಕೋಡಿ ಬೀಚಿಗೆ ಹೋಗಿಬರಬಹುದು, ಎರಡೂ ಕಡೆಯ ಬಾಡಿಗೆಗೆ ಚೌಕಾಸಿ ಮಾಡಲು ರಿಟೈರಾದವರಿಗೆ ಪುರುಸೊತ್ತಂತೂ ಧಾರಾಳ.